ಅಣ್ಣನ ಕಾರ್ಡಿನ ಹಿಂಬದಿ ಖಾಲಿ

ಮಾನ್ಯರೆ,

ಗಂಗಾವತಿಯಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಪೋಸ್ಟರ್ ನಿತ್ಯದ ಕೆಲಸ. ಕಳೆದ ತಿಂಗಳು ನ್ಯೂಯಾರ್ಕಿನಿಂದ ಊರಿಗೆ ಬಂದಿದ್ದ ಅಕ್ಕನ ಮಗ, ‘ಮಾಮಾ, ಒಂದು ಬೇಸ್‌ಬಾಲ್ ಕಾರ್ಡ್ ಮಾಡಿಕೊಡ್ರಿ’ ಎಂದ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಮುಂದೆ ಆಟಗಾರನ ಫೋಟೊ, ಹಿಂದೆ ಅವನು ಆಡಿದ ಪೂರ್ತಿ ಲೆಕ್ಕ. ಅಮೆರಿಕದ ಹೆಸರಾಂತ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಗಿದೆ. ಹುಡುಗ ಕೇಳಿದ್ದು ಅಂಥ ದೊಡ್ಡ ಹೆಸರನ್ನಲ್ಲ, ಟಾಡ್ ಝೀಲ್ ಎಂಬುವರನ್ನು.

ಶುರುವಿನಲ್ಲಿ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ; ಆಮೇಲೆ ಹೆಚ್ಚಾಗಿ ಥರ್ಡ್ ಬೇಸ್, ಅಂದರೆ ಮೂರನೆಯ ಬೇಸ್ ಕಾಯುವ ಜಾಗ. 1989ರಿಂದ 2004ರವರೆಗೆ ಹನ್ನೊಂದು ತಂಡ ತಿರುಗಿದವರು. 1998ರಲ್ಲಂತೂ ಒಂದೇ ವರ್ಷಕ್ಕೆ ಮೂರು ತಂಡದ ಅಂಗಿ ತೊಟ್ಟರು. ಹನ್ನೊಂದಕ್ಕೂ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದುಕೊಟ್ಟರು, ಒಟ್ಟು 253. 2004ರ ಅಕ್ಟೋಬರ್ 3ರಂದು ಕೊನೆಯ ಸಲ ಬ್ಯಾಟ್ ಹಿಡಿದಾಗಲೂ ಹೋಮ್ ರನ್! ಎದುರಿಗಿದ್ದದ್ದು ಅವರ ಹಳೆಯ ತಂಡ ಮಾಂಟ್ರಿಯಲ್ ಎಕ್ಸ್‌ಪೋಸ್. ಆ ಹೆಸರಿನಲ್ಲಿ ಆ ತಂಡದ ಕಡೆಯ ಪಂದ್ಯವೂ ಅದೇ. ಇದನ್ನೆಲ್ಲ ಸಣ್ಣ ಅಕ್ಷರದಲ್ಲಿ ಕೂಡಿಸುವಾಗ ನನಗೆ ನಮ್ಮ ಅಣ್ಣನೇ ಕಣ್ಣ ಮುಂದೆ ಬಂದ.

ಅಣ್ಣ ಕಬಡ್ಡಿ ಆಡುತ್ತಿದ್ದ. ಕಾರಟಗಿ, ಸಿಂಧನೂರು, ಕುಷ್ಟಗಿ, ಸಿರುಗುಪ್ಪ, ಯಾವ ಊರಿನವರು ಕರೆದರೂ ಬಸ್ಸು ಹತ್ತುತ್ತಿದ್ದ. ಬಸ್ ಚಾರ್ಜು, ಊಟ, ಇಷ್ಟೇ ಸಂಬಳ. ಅವನದೂ ಒಂದು ಕಾರ್ಡ್ ಮಾಡಲು ಕೂತೆ. ಮುಂಬದಿ ಸಲೀಸಾಯಿತು: ಬನಿಯನ್ನಿನ ಮೇಲೆ ಕೈಯಲ್ಲಿ ಬರೆದ 7, ಬೆವರಿಗೆ ನೀಲಿ ಶಾಯಿ ಹೊಟ್ಟೆಯವರೆಗೆ ಇಳಿದ ಹಳೆಯ ಫೋಟೊ. ಹಿಂಬದಿಗೆ ಏನು ಹಾಕಲಿ? ಟೂರ್ನಿ ನಡೆಸಿದವರನ್ನು ಕೇಳಿದರೆ ಸ್ಕೋರ್ ಶೀಟು ಅಂದೇ ರದ್ದಿಗೆ ಹೋಗಿವೆ. ಮನೆಯಲ್ಲಿರುವ ಪತ್ರಿಕೆಯ ತುಣುಕುಗಳಲ್ಲಿ ಗೆದ್ದ ಊರಿನ ಹೆಸರಿದೆ, ಬಹುಮಾನ ಕೊಟ್ಟ ಗಣ್ಯರ ಹೆಸರಿವೆ, ಆಡಿದವರ ಹೆಸರೇ ಇಲ್ಲ. ಅಣ್ಣನನ್ನೇ ಕೇಳಿದೆ. ಬೆರಳು ಮಡಚುತ್ತ ಒಂಬತ್ತು ಊರು ಎಣಿಸಿದ, ಹತ್ತನೆಯ ಬೆರಳು ಹಿಡಿದು ಬಹಳ ಹೊತ್ತು ಸುಮ್ಮನೆ ಕೂತ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಜಿಲ್ಲೆಯ ಪಂದ್ಯದ ಸುದ್ದಿ ಹಾಕುವಾಗ ದಯವಿಟ್ಟು ಎರಡೂ ತಂಡದ ಆಟಗಾರರ ಹೆಸರು, ಅವರು ತಂದ ಪಾಯಿಂಟು ಒಂದೆರಡು ಸಾಲಿನಲ್ಲಾದರೂ ಕೊಡಿ. ಟೂರ್ನಿ ನಡೆಸುವವರಿಗೆ ನಕಲು ಹಾಳೆ ಸಮೇತ ಸ್ಕೋರ್ ಬುಕ್ ಪುಕ್ಕಟೆ ಮುದ್ರಿಸಿ ಕೊಡಲು ನಾನು ತಯಾರಿದ್ದೇನೆ. ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ ಶೀಟುಗಳಿದ್ದರೆ ತೋರಿಸಿ. ಅಣ್ಣನ ಕಾರ್ಡಿಗೆ ಇನ್ನೂ ಲ್ಯಾಮಿನೇಷನ್ ಹಾಕಿಲ್ಲ.

– ಪ್ರೆಸ್ ಮಾಲೀಕ, ಗಂಗಾವತಿ, ಕೊಪ್ಪಳ ಜಿಲ್ಲೆ