ಒಂದೇ ಸಾಲು ಹಿಡಿ, ಮಗಳೇ

ಮಂಡ್ಯ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಮ್ಮ ಸೀಮೆಯ ಪಂಥಗಳ ಬಗ್ಗೆ ಪುಸ್ತಕ ಬರೀತೀನಿ ಅಂದಿದ್ದೀಯ, ಸಂತೋಷ. ಆದರೆ ನಿನ್ನ ಪಟ್ಟಿಯಲ್ಲಿ ಮೇಲುಕೋಟೆ, ಆದಿಚುಂಚನಗಿರಿ, ಮಾದಪ್ಪ, ಮಂಟೇಸ್ವಾಮಿ ಎಲ್ಲವೂ ಇವೆ. ಹಾಗೆ ಹೊರಟರೆ ಪ್ರವಾಸಿ ಕೈಪಿಡಿ ಆಗುತ್ತೆ ಅಷ್ಟೆ. ಮೇಲುಕೋಟೆಗೆ ಕೈಹಾಕಲು ಸಂಸ್ಕೃತ, ತಮಿಳು ಎರಡೂ ಬೇಕು. ನಿನಗೆ ಒಂದೂ ಬರಲ್ಲ. ಮಂಟೇಸ್ವಾಮಿಯ ಕಥೆ ಹಾಡುವ ಜನಪದ ಕಾವ್ಯವೋ ನಿನ್ನಜ್ಜಿ ಆಡುತ್ತಿದ್ದ ಕನ್ನಡದಲ್ಲೇ ಇದೆ. ಅದನ್ನು ಹಿಡಿ.

ಅದರಲ್ಲೂ ಇಡೀ ಕಾವ್ಯ ಬೇಡ, ಒಂದು ಸಾಲು, ಅಂದರೆ ಒಂದು ಕಥಾಭಾಗ ಸಾಕು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳುವ ಭಾಗ ತಗೋ, ಊರೂ ಮಳವಳ್ಳಿ ತಾಲ್ಲೂಕಿನದೇ. ಮೊದಲು ಅಚ್ಚಾದ ಪಾಠ ಓದು, ಆಮೇಲೆ ಅದೇ ಭಾಗವನ್ನು ಇಬ್ಬರು ನೀಲಗಾರರ, ಅಂದರೆ ಈ ಕಾವ್ಯ ಹಾಡುವವರ ಬಾಯಲ್ಲಿ ಕೇಳು. ಮೂರೂ ಒಂದೇ ಥರ ಇರಲ್ಲ. ಯಾವುದು ಸರಿ ಅಂತ ತೀರ್ಪು ಕೊಡಲು ಹೋಗಬೇಡ, ಆ ವ್ಯತ್ಯಾಸವೇ ನಿನ್ನ ಪುಸ್ತಕದ ಹೂರಣ.

ರೆಕಾರ್ಡಿಂಗ್ ಜಾತ್ರೆಯಲ್ಲಿ ಮಾಡಬೇಡ, ಮೈಕಿನ ಗದ್ದಲದಲ್ಲಿ ಒಂದು ಪದವೂ ಉಳಿಯಲ್ಲ. ಅವರ ಬಿಡುವು ಕೇಳಿಕೊಂಡು ಮನೆಗೆ ಹೋಗು. ರೆಕಾರ್ಡರ್ ಬಾಯಿಗೆ ಗೇಣುದ್ದ ದೂರದಲ್ಲಿರಲಿ. ತಂಬೂರಿ, ಗಗ್ಗರದ ಪಕ್ಕ ಇಟ್ಟರೆ ಪದಗಳ ಕೊನೆಯಕ್ಷರ ಮುಳುಗಿಹೋಗುತ್ತೆ. ಫೋನಲ್ಲಾದರೆ ಏರೋಪ್ಲೇನ್ ಮೋಡ್‌ಗೆ ಹಾಕು, ಇಲ್ಲದಿದ್ದರೆ ನಡುವೆ ಕರೆ ಬಂದು ನಿಂತುಬಿಡುತ್ತೆ. ಶುರುವಿಗೇ ತಾರೀಖು, ಊರು, ಹಾಡುವವರ ಹೆಸರು, ಅವರ ಗುರು ಯಾರು ಎಲ್ಲವನ್ನೂ ಬಾಯಲ್ಲೇ ಹೇಳಿಸು. ಸಂಭಾವನೆ ಮೊದಲೇ ಮಾತಾಡಿ ಅವತ್ತೇ ಕೈಗೆ ಕೊಡು.

ಒಂದು ಗಂಟೆಯ ಹಾಡು ಬರೆದಿಳಿಸಲು ಆರೇಳು ಗಂಟೆ ಹಿಡಿಯುತ್ತೆ. ಒಂದೇ ಪಟ್ಟಿಗೆ ಎರಡು ಗಂಟೆಗಿಂತ ಹೆಚ್ಚು ಕೂರಬೇಡ. ಸುಸ್ತಾದ ಕಿವಿ ಕೇಳದ ಪದವನ್ನೂ ತಾನೇ ತುಂಬಿಕೊಳ್ಳುತ್ತೆ. ಗೊತ್ತಾಗದ ಕಡೆ ಚುಕ್ಕಿ ಇಟ್ಟು ನಿಮಿಷ ಗುರುತು ಹಾಕು. ‘ಬತ್ತಾನೆ’ ಅಂದಿದ್ದನ್ನು ‘ಬರುತ್ತಾನೆ’ ಅಂತ ತಿದ್ದಬೇಡ, ಲಯವೇ ಸತ್ತುಹೋಗುತ್ತೆ.

ಕಾಲದ ವಿಷಯದಲ್ಲಿ ಜೋಕೆ. ಕಾವ್ಯ ಮಂಟೇಸ್ವಾಮಿಯನ್ನು ಬಸವಣ್ಣನವರ ಕಲ್ಯಾಣಕ್ಕೆ, ಅಂದರೆ 12ನೇ ಶತಮಾನಕ್ಕೆ ಕರೆದೊಯ್ಯುತ್ತೆ. ವಿದ್ವಾಂಸರು ಹೇಳುವ ಕಾಲ ಅದಕ್ಕಿಂತ ಎಷ್ಟೋ ಈಚಿನದು. ಎರಡನ್ನೂ ಬರಿ, ಯಾರು ಹೇಳಿದ್ದು ಅಂತ ಸೇರಿಸಿ ಬರಿ. ಬೆರೆಸಿಬಿಟ್ಟರೆ ಭಕ್ತರೂ ಒಪ್ಪಲ್ಲ, ಸಂಶೋಧಕರೂ ಒಪ್ಪಲ್ಲ.

ಈ ಪಂಥದ ಜಾತ್ರೆಗಳನ್ನೂ ನೋಡಬೇಕು. ಶಿವರಾತ್ರಿ ಸಮಯಕ್ಕೆ ಕಪ್ಪಡಿ, ಬನದ ಹುಣ್ಣಿಮೆಗೆ ಚಿಕ್ಕಲ್ಲೂರು. ಚಿಕ್ಕಲ್ಲೂರಲ್ಲಿ ಮೊದಲ ರಾತ್ರಿ ಬಿದಿರಿಗೆ ಬಟ್ಟೆ ಸುತ್ತಿ ಕಟ್ಟಿದ ಚಂದ್ರಮಂಡಲ ಹೊತ್ತಿಸ್ತಾರೆ, ನಾಲ್ಕನೇ ದಿನ ಪಂಕ್ತಿಸೇವೆ, ಅಂದರೆ ಎಲ್ಲರೂ ಸಾಲಾಗಿ ಕೂತು ಬಾಡೂಟ ಮಾಡೋದು. ಚಂದ್ರಮಂಡಲದ ಫೋಟೋ ತೆಗೆದುಕೊಂಡು ಬಸ್ಸು ಹತ್ತುವವರೇ ಜಾಸ್ತಿ. ನೀನು ನಾಲ್ಕನೇ ದಿನದವರೆಗೂ ಇರು. ಬಾಡೂಟ ಕಂಡು ಮುಜುಗರಪಟ್ಟು ಅದನ್ನು ಬಿಟ್ಟು ಬರೆದರೆ ಆ ಪಂಥದ ಅರ್ಧಭಾಗವನ್ನೇ ಅಳಿಸಿದ ಹಾಗೆ ಕಣಮ್ಮ.

ಕೆಲಸ ಬಿಡಬೇಡ. ಇಂಥ ಪುಸ್ತಕದ ಗೌರವಧನದಲ್ಲಿ ಮನೆ ಬಾಡಿಗೆ ಹುಟ್ಟಲ್ಲ. ಅಚ್ಚಿಗೆ ಕೊಡುವ ಮುಂಚೆ ಹಾಡಿದವರ ಮುಂದೆ ಕೂತು ಕರಡನ್ನು ಗಟ್ಟಿಯಾಗಿ ಓದು. ಅವರ ಹೆಸರು ಹಾಕಬೇಕೋ ಬೇಡವೋ ಅಂತಲೂ ಅವರನ್ನೇ ಕೇಳು. ಮೊದಲ ಗಂಟೆಯ ಬರಹ ಮುಗಿದ ಕೂಡಲೇ ರೆಕಾರ್ಡಿಂಗ್ ಸಮೇತ ನನಗೆ ಕಳಿಸು.

ಇತಿ,
ನಿನ್ನ ದೊಡ್ಡಪ್ಪ