ಡಾಲರ್ ಬಂತು, ಸಾಲದ ಭಯ ಹೋಯಿತೇ?

ಪ್ರೀತಿಯ ಮಗಳೇ,

ಸಾಲದಲ್ಲಿ ಮುಳುಗಿದ ದೇಶ ತನ್ನ ನೋಟು ಬಿಟ್ಟು ಡಾಲರನ್ನೇ ಬಳಸಿದರೆ ಸಾಲ ಕೊಡುವವರಿಗೆ ಧೈರ್ಯ ಬರುತ್ತದಲ್ವಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಅರ್ಧ ಸರಿ ಮಾರಾಯ್ತಿ.

ಸಾಲ ಕೊಡುವವನಿಗೆ ಎರಡು ಹೆದರಿಕೆ. ಆ ದೇಶದ ಹಣದ ಬೆಲೆ ಬಿದ್ದರೆ ಏನು ಗತಿ ಅನ್ನೋದು ಒಂದು. ಕೊಟ್ಟದ್ದೇ ವಾಪಸ್ ಬರದಿದ್ದರೆ ಅನ್ನೋದು ಇನ್ನೊಂದು. ಡಾಲರ್ ಬಂದರೆ ಮೊದಲನೆಯದು ಹೋಗುತ್ತದೆ. ತೆರಿಗೆಯೂ ಡಾಲರಿನಲ್ಲೇ ಬರುವುದರಿಂದ ಎರಡನೆಯದೂ ಸ್ವಲ್ಪ ಇಳಿಯಬಹುದು. ಆದರೆ ಖಜಾನೆ ಖಾಲಿಯಾದ ದಿನ ನೋಟು ಅಚ್ಚು ಹಾಕುವ ದಾರಿ ಇರುವುದಿಲ್ಲ.

ಬ್ಯಾಂಕಿನಲ್ಲಿ ನಾನು ಸಾಲದ ವಿಭಾಗದಲ್ಲಿದ್ದಾಗ ದುಬೈಯವರು ದಿರ್ಹಂ ಸಂಬಳದ ಚೀಟಿ ಹಿಡಿದು ಬರುತ್ತಿದ್ದರು. ಅದನ್ನು ನೋಡಿ ಯಾರೂ ಕಣ್ಣು ಮುಚ್ಚಿ ಸಹಿ ಹಾಕುತ್ತಿರಲಿಲ್ಲ. ಕೆಲಸ ಎಷ್ಟು ವರ್ಷದ್ದು, ಹಿಂದಿನ ಕಂತು ಸರಿಯಾಗಿ ಕಟ್ಟಿದ್ದಾರಾ ಅಂತಲೇ ಕೇಳುತ್ತಿದ್ದೆವು.

ದಕ್ಷಿಣ ಅಮೆರಿಕದ ಈಕ್ವೆಡಾರ್ ನೋಡು. 1999ರಲ್ಲಿ ಬ್ಯಾಂಕುಗಳು ಮುಳುಗಿದವು, ಜನರ ಠೇವಣಿಗೆ ಸರ್ಕಾರವೇ ಬೀಗ ಹಾಕಿತು. 2000ದ ಜನವರಿಯಲ್ಲಿ ಅಧ್ಯಕ್ಷ ಜಮೀಲ್ ಮವಾದ್ ದೇಶದ ಹಣವಾದ ಸುಕ್ರೆಯನ್ನು ಡಾಲರಿಗೆ 25,000ದಂತೆ ಬದಲಿಸುವುದಾಗಿ ಘೋಷಿಸಿದರು. ಅದೇ ತಿಂಗಳು ಅವರ ಕುರ್ಚಿ ಹೋಯಿತು, ಡಾಲರ್ ಉಳಿಯಿತು. ಕೆಲವೇ ವರ್ಷಗಳಲ್ಲಿ ಬೆಲೆಯೇರಿಕೆ ಹತೋಟಿಗೆ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ 2008ರಲ್ಲಿ ಅಲ್ಲಿನ ಅಧ್ಯಕ್ಷ ರಫಾಯೆಲ್ ಕೊರೆಯಾ ಅವರ ಸರ್ಕಾರ ಕೆಲವು ಬಾಂಡುಗಳೇ (ಸಾಲಪತ್ರಗಳೇ) ಅಕ್ರಮ ಅಂತ ಹೇಳಿ ಕಂತು ನಿಲ್ಲಿಸಿತು. ಕೈಯಲ್ಲಿ ದುಡ್ಡಿದ್ದೂ! 2020ರಲ್ಲಿ ಮತ್ತೆ ಸಾಲ ಕೊಟ್ಟವರ ಜೊತೆ ಕೂತು ಷರತ್ತು ಬದಲಿಸಬೇಕಾಯಿತು. 1904ರಿಂದ ಡಾಲರ್ ಬಳಸುವ ಪನಾಮಾ ಕೂಡ 1980ರ ದಶಕದ ಕೊನೆಗೆ ಕಂತು ತಪ್ಪಿಸಿದೆ.

ಇನ್ನೊಂದು ತೊಂದರೆ ನಮ್ಮ ಬಂದರಿನವರಿಗೆ ಬೇಗ ಅರ್ಥವಾಗುತ್ತದೆ. ಈಕ್ವೆಡಾರಿನ ಸಿಗಡಿಯೂ ನಮ್ಮ ದೇಶದ ಸಿಗಡಿಯೂ ಅಮೆರಿಕದಲ್ಲಿ ಪೈಪೋಟಿಗೆ ನಿಲ್ಲುತ್ತವೆ. ರೂಪಾಯಿ ಬಿದ್ದರೆ ನಮ್ಮವರು ಡಾಲರ್ ಲೆಕ್ಕದಲ್ಲಿ ಸ್ವಲ್ಪ ಅಗ್ಗಕ್ಕೆ ಕೊಡಬಹುದು. ಅವರಿಗೆ ಆ ಅನುಕೂಲ ಇಲ್ಲ. ಈಕ್ವೆಡಾರ್ ತೈಲವನ್ನೂ ಮಾರುತ್ತದೆ, ಪಕ್ಕದ ಕೊಲಂಬಿಯಾವೂ ಅಷ್ಟೇ. 2014ರಿಂದ ತೈಲದ ಬೆಲೆ ಕುಸಿದಾಗ ಕೊಲಂಬಿಯಾದ ಹಣ ಪೆಸೊ ಇಳಿದು ಪೆಟ್ಟು ತಡೆಯಿತು, ಈಕ್ವೆಡಾರಿನದು ಡಾಲರಿನ ಜೊತೆ ಇನ್ನೂ ಗಟ್ಟಿಯಾಯಿತು. ಸಂಪಾದನೆ ಕಡಿಮೆಯಾಗಿ, ಸಾಲ ಹಾಗೇ ಉಳಿದರೆ ಕಂತು ಕಟ್ಟುವುದು ಎಲ್ಲಿಂದ?

ಗಲ್ಫಿನಲ್ಲೂ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ಓಡುತ್ತಿತ್ತು, ಗೊತ್ತಾ? 1959ರಲ್ಲಿ ರಿಸರ್ವ್ ಬ್ಯಾಂಕ್ ಅವರಿಗೆಂದೇ ಬೇರೆ ನೋಟು ತಂದಿತ್ತು. 1966ರ ಜೂನಿನಲ್ಲಿ ದಿಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅವರ ಕೈಯಲ್ಲಿದ್ದ ಹಣವೂ ಇಳಿಯಿತು. ಅವರನ್ನು ಕೇಳಿದವರು ಯಾರು? ಇನ್ನೂ ಬಳಸುತ್ತಿದ್ದ ಹೆಚ್ಚಿನವರು ಆಮೇಲೆ ಅದನ್ನು ಬಿಟ್ಟರು.

ನಿನ್ನ ಪ್ರಾಜೆಕ್ಟಿಗೆ ಎಲ್ಲರೂ 2000ವನ್ನೇ ಹಿಡಿಯುತ್ತಾರೆ. ನೀನು 2008 ಹಿಡಿ. ಬರೆದದ್ದನ್ನು ನನಗೂ ಕಳಿಸು, ಸುಮ್ನೆ ಹೊಗಳುವುದಿಲ್ಲ.

ನಿನ್ನ ಅಮ್ಮ
ಮಂಗಳೂರು