ಗಿರಣಿ ರಸ್ತೆ ಕಾಂಕ್ರೀಟ್ ವರ್ಷ ತುಂಬೋದ್ರೊಳಗೆ ಸೀಳಿರೋ ಬಗ್ಗೆ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಪೌರಾಯುಕ್ತರು, ನಗರಸಭೆ ಕಾರ್ಯಾಲಯ

ಇವರಿಂದ,
ಗಿರಣಿ ರಸ್ತೆ ಹಾಗೂ ಅಡ್ಡರಸ್ತೆಗಳ ಸಮಸ್ತ ನಿವಾಸಿಗಳು

ವಿಷಯ: ಕಾಂಕ್ರೀಟ್ ರಸ್ತೆಗೆ ಕೋರ್ ಟೆಸ್ಟ್ (ರಸ್ತೆಯಿಂದ ಉದ್ದ ತುಂಡು ಕೊರೆದು ತೆಗೆದು ಬಲ ನೋಡೋದು) ಮಾಡ್ಸಿ, ಹಾಳಾದ ಸ್ಲ್ಯಾಬ್‌ಗಳನ್ನ ಕಂಟ್ರಾಕ್ಟರ್ ಖರ್ಚಲ್ಲೇ ತೆಗೆಸಿ ಹೊಸದಾಗಿ ಹಾಕ್ಸೋ ಬಗ್ಗೆ, ಅಲ್ಲೀವರೆಗೂ ಡೆಪಾಸಿಟ್ ತಡೆಹಿಡಿಯೋ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮಲ್ಲಿ ವಿನಂತಿ. ಈ ರಸ್ತೆ ಹಣೆಬರಹ ನಿಮ್ಮ ಆಫೀಸಲ್ಲಿ ಎಲ್ರಿಗೂ ಗೊತ್ತು, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀವಿ. ವಾರ್ಡ್ ಆಫೀಸಲ್ಲಿ ಅರ್ಜಿ ಕೊಟ್ವಿ, ಸೀಲ್ ಹಾಕ್ಕೊಟ್ರು, ಅಷ್ಟೇ. ಆಪ್‌ನಲ್ಲಿ ಫೋಟೋ ಸಮೇತ ಹಾಕಿದ್ವಿ, ಯಾರೂ ಸ್ಥಳಕ್ಕೆ ಬರ್ದೇನೇ 'ಪರಿಹರಿಸಲಾಗಿದೆ' ಅಂತ ಕ್ಲೋಸ್ ಮಾಡಿದ್ರು, ಮತ್ತೆ ಹಾಕಿದ್ವಿ, ಮತ್ತೆ ಅದೇ ಮೆಸೇಜು. ಜೆಇ (ಜೂನಿಯರ್ ಎಂಜಿನಿಯರ್) ಸಾಹೇಬ್ರು ಒಮ್ಮೆ ಬಂದು ನೋಡಿ 'ಮಾಡ್ಸೋಣ' ಅಂದ್ರು, ಅಷ್ಟ್ರಲ್ಲಿ ಅವ್ರಿಗೆ ಟ್ರಾನ್ಸ್‌ಫರ್ ಆಯ್ತು, ಹೊಸಬ್ರು ಬಂದು ಹಳೇ ಅರ್ಜಿ ಸಿಗ್ತಿಲ್ಲ ಹೊಸದಾಗಿ ಕೊಡಿ ಅಂದ್ರು, ಕೊಟ್ವಿ, ಅದೂ ಎಲ್ಲಿದೆಯೋ ಗೊತ್ತಿಲ್ಲ. ಕಂಟ್ರಾಕ್ಟರ್ ಫೋನ್ ಎತ್ತಲ್ಲ, ಸದಸ್ಯರ ಮನೆಗೆ ಹೋದ್ರೆ ಎಂಜಿನಿಯರನ್ನ ಕೇಳಿ ಅಂತಾರೆ, ಎಂಜಿನಿಯರ್ ಹತ್ರ ಹೋದ್ರೆ ಸದಸ್ಯರ ಲೆಟರ್ ತನ್ನಿ ಅಂತಾರೆ. ಮಾಹಿತಿ ಹಕ್ಕಲ್ಲಿ ಕ್ಯೂಬ್ ಟೆಸ್ಟ್ (ಅದೇ ಕಾಂಕ್ರೀಟಿಂದ ಅಚ್ಚು ಹಾಕಿ ಬಲ ನೋಡೋದು) ರಿಪೋರ್ಟ್ ಕೇಳಿದ್ವಿ. ಕಾನೂನು ಪ್ರಕಾರ 30 ದಿನದಲ್ಲಿ ಕೊಡ್ಬೇಕು. ಗಡುವು ದಾಟಿ ಎಷ್ಟೋ ದಿನ ಆದ್ಮೇಲೆ ಬಂದಿದ್ದು ಬರೀ ಎಸ್ಟಿಮೇಟ್ ಪ್ರತಿ, ಕ್ಯೂಬ್ ಟೆಸ್ಟಿನ ಒಂದು ಹಾಳೇನೂ ಅದ್ರಲ್ಲಿರ್ಲಿಲ್ಲ. ಟೆಸ್ಟೇ ಮಾಡ್ಸಿಲ್ವಾ, ಮಾಡ್ಸಿ ಮುಚ್ಚಿಡ್ತಿದೀರಾ ಅನ್ನೋದಕ್ಕೆ ಮೊದ್ಲು ಉತ್ತರ ಕೊಡಿ.

ಹೊಸ ಜೆಇ ನಮಗೆ ಹೇಳಿದ್ದು 'ಕಾಂಕ್ರೀಟ್ ಅಂದ್ಮೇಲೆ ಬಿರುಕು ಬಿಡೋದು ಸಹಜ' ಅಂತ. ಕಾಂಕ್ರೀಟ್ ಒಣಗ್ತಾ ಕುಗ್ಗುತ್ತೆ, ಬಿರುಕು ಬಿಡುತ್ತೆ, ಅದು ನಮಗೂ ಗೊತ್ತು. ಆ ಬಿರುಕು ಎಲ್ಲಿ ಬೀಳ್ಬೇಕು ಅಂತ ಮೊದ್ಲೇ ಜಾಗ ಮಾಡ್ಕೊಡೋಕೇ ಅಲ್ವಾ ಸ್ಲ್ಯಾಬಿಗೆ ಅಡ್ಡ ಗೆರೆ ಕೊಯ್ದು ಜಾಯಿಂಟ್ ಕಟ್ ಮಾಡೋದು? ಹೆದ್ದಾರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರೋ ನಿಯಮ ಪುಸ್ತಕ ಐಆರ್‌ಸಿ 58ರ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಮೀಟರಿಗೊಂದು, ನಮ್ಮಂಥ ಸಣ್ಣ ರಸ್ತೆಗೆ ಇನ್ನೂ ಹತ್ತಿರ, ಸ್ಲ್ಯಾಬ್ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳ, ಅದೂ ಕಾಂಕ್ರೀಟ್ ಹಾಕಿದ ದಿನಾನೇ ಅಥವಾ ಮಾರನೇ ದಿನದೊಳಗೆ. ನಮ್ಮ ರಸ್ತೇಲಿ ಕಟಿಂಗ್ ಮಷಿನ್ ಬಂದಿದ್ದು ಸ್ಲ್ಯಾಬ್ ಆಗ್ಲೇ ಸೀಳಿದ್ಮೇಲೆ. ಗಿರಣಿ ಮುಂದೆ ಬಂದು ನಿಂತ್ಕೊಂಡು ನೋಡಿ: ಮಷಿನ್ ಕೊಯ್ದಿರೋ ನೇರ ಗೆರೆ ಒಂದು, ಅದರಿಂದ ಅರ್ಧ ಅಡಿ ಪಕ್ಕದಲ್ಲೇ ಸೊಟ್ಟಗೆ ಹೋಗಿರೋ ಬಿರುಕು ಇನ್ನೊಂದು, ಈ ಕಡೆ ಮೋರಿಯಿಂದ ಆ ಕಡೆ ಮೋರಿವರೆಗೂ. ಬಿರುಕಲ್ಲಿ ಐದು ರೂಪಾಯಿ ನಾಣ್ಯ ನೆಟ್ಟಗೆ ನಿಲ್ಲುತ್ತೆ, ಅಂಚಲ್ಲಿ ಜೆಲ್ಲಿ ಕಿತ್ತು ಬಂದಿದೆ. ಇದು ಸಹಜ ಅಲ್ಲ, ಕೆಲಸ ಕೆಡಿಸಿರೋದು.

ಕಾಂಕ್ರೀಟ್ ಹಾಕಿದ ದಿನ ನಾವೇ ಕಣ್ಣಾರೆ ನೋಡಿದೀವಿ, ಲಾರಿ ಡ್ರಮ್ಮಿಗೆ ಪೈಪ್ ಬಿಟ್ಟು ನೀರು ಸೇರಿಸ್ತಿದ್ರು, ಗಟ್ಟಿ ಆಗಿದೆ ಎಳೆಯೋಕಾಗಲ್ಲ ಅಂತ. ಹಾಗೆ ನೀರು ಸುರಿದ್ರೆ ಬಲ ಬೀಳುತ್ತೆ, ಮೇಲ್ಮೈ ಧೂಳೇಳುತ್ತೆ ಅನ್ನೋದು ಗಾರೆ ಕೆಲಸದೋರಿಗೂ ಗೊತ್ತು, ತಡೆಯೋಕೆ ಅಲ್ಲಿ ನಗರಸಭೆಯಿಂದ ಒಬ್ರೂ ಇರ್ಲಿಲ್ಲ. ಕನಿಷ್ಠ ಎರಡು ವಾರ ಗೋಣಿಚೀಲ ಹೊದಿಸಿ ಒದ್ದೆ ಇಡ್ಬೇಕಿತ್ತು, ಎರಡನೇ ದಿನಕ್ಕೇ ಚೀಲ ಒಣಗಿ ಗಾಳಿಗೆ ಹಾರಿ ಹೋಯ್ತು, ಆಮೇಲೆ ಅಕ್ಕಪಕ್ಕದ ಮನೆ ಹೆಂಗಸ್ರೇ ಕೊಡಪಾನದಲ್ಲಿ ನೀರು ತಂದು ಹಾಕಿದಾರೆ. ಕಾಂಕ್ರೀಟಿಗೆ ಬಲ ಬರೋಕೆ ಬೇಕಾದ 28 ದಿನ ತುಂಬೋ ಮೊದ್ಲೇ ವಾಟರ್ ಟ್ಯಾಂಕರ್ ಬಿಟ್ರಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 60ರವರೆಗೆ ಆರ್ಮಿ ಲಾರಿಗಳನ್ನ ರಸ್ತೆ ಮೇಲೆ ಸುತ್ತಿಸಿ ಸುತ್ತಿಸಿ ಟೆಸ್ಟ್ ಮಾಡಿದ್ರು, ಆಕ್ಸಲ್ (ಚಕ್ರದ ಅಚ್ಚು) ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗಾಗೋ ಡ್ಯಾಮೇಜು ಸುಮಾರು 16 ಪಟ್ಟು ಅನ್ನೋ ಲೆಕ್ಕ ಅಲ್ಲಿಂದ ಬಂದಿದ್ದು. ಬಲ ಬರ್ದೇ ಇರೋ ಹಸಿ ಸ್ಲ್ಯಾಬ್ ಮೇಲೆ ತುಂಬಿದ ಟ್ಯಾಂಕರ್ ಬಿಟ್ರೆ ಇನ್ನೇನಾಗುತ್ತೆ?

ಈಗ ಮಳೆಗಾಲದಲ್ಲಿ ಟ್ಯಾಂಕರ್ ಹೋದಾಗೆಲ್ಲ ಜಾಯಿಂಟಿಂದ ಕೆಸರು ನೀರು ಚಿಮ್ಮುತ್ತೆ. ಅಂದ್ರೆ ಸ್ಲ್ಯಾಬ್ ಕೆಳಗಿನ ಮಣ್ಣು ಕೊಚ್ಚಿ ಹೊರಗೆ ಬರ್ತಿದೆ, ಒಳಗೆ ಪೊಳ್ಳಾಗ್ತಿದೆ. ಸ್ಲ್ಯಾಬಿಗೆ ಒತ್ತಡ ಜಾಸ್ತಿ ಬೀಳೋದು ಮೂಲೆ ಮತ್ತೆ ಅಂಚಲ್ಲಿ ಅಂತ ವೆಸ್ಟರ್‌ಗಾರ್ಡ್ ಅನ್ನೋರು 1926ರಲ್ಲೇ ಲೆಕ್ಕ ಹಾಕಿ ತೋರಿಸಿದಾರೆ, ನಮ್ಮಲ್ಲಿ ಮೂಲೆಗಳೇ ಮೊದ್ಲು ಮುರಿದಿರೋದು. ಜಾಯಿಂಟಿಗೆ ಸೀಲೆಂಟ್ (ನೀರಿಳಿಯದ ಹಾಗೆ ತುಂಬೋ ಅಂಟು) ತುಂಬಿದ್ರೆ ನೀರು ಇಳೀತಾನೇ ಇರ್ಲಿಲ್ಲ. ನೀವು ಮಾಡ್ಸಿದ್ದು ಏನು? ಬಿರುಕಿನ ಮೇಲೆ ಸಿಮೆಂಟ್ ನೀರು ಬಳಿದು ಹೋದ್ರಿ, ಒಂದು ಮಳೆಗೆ ಅದು ಎದ್ದು ಬಂತು. ಮುರಿದ ಮೂಲೇನ ಪೂರ್ತಿ ಆಳಕ್ಕೆ ಕೊಯ್ದು ತೆಗೆದು ಹೊಸದಾಗಿ ಹಾಕ್ಬೇಕು, ಇದಕ್ಕೆಲ್ಲ ಐಆರ್‌ಸಿ ಎಸ್‌ಪಿ 83 ಅಂತ ಪುಸ್ತಕಾನೇ ಇದೆ, ನಿಮ್ಮ ಎಂಜಿನಿಯರ್‌ಗಳು ದಯವಿಟ್ಟು ತೆಗೆದು ಓದ್ಲಿ.

ಇಷ್ಟಕ್ಕೇ ಮುಗೀಲಿಲ್ಲ. ಹಳೇ ಟಾರು ಕೀಳ್ದೇ ಅದರ ಮೇಲೇ ಹಾಕಿದ್ರಿಂದ ರಸ್ತೆ ಮನೆ ಹೊಸ್ತಿಲಿಗಿಂತ ಮೇಲೆ ಬಂದಿದೆ, ಮಳೆ ಬಂದ್ರೆ ನೀರು ಒಳಗೇ ನುಗ್ಗೋದು. ಒಳಚರಂಡಿ (ಯುಜಿಡಿ) ಚೇಂಬರುಗಳು ಗುಂಡಿ ಥರ ಕೆಳಗೆ ಉಳ್ಕೊಂಡಿವೆ, ರಾತ್ರಿ ಬೀದಿದೀಪಾನೂ ಉರಿಯಲ್ಲ, ಹಾಲು ಹಾಕೋ ಹುಡುಗ ಬಿದ್ದು ಕೈ ಮುರ್ಕೊಂಡ. ಹೊಂಗೆ ಮರಗಳ ಬುಡಕ್ಕೆ ಒಂದಿಂಚೂ ಮಣ್ಣು ಬಿಡ್ದೇ ಕಾಂಕ್ರೀಟ್ ಸುರಿದಿದೀರಿ, ಎರಡು ಆಗ್ಲೇ ಒಣಗ್ತಿವೆ. ಹಾಕಿ ಮೂರು ತಿಂಗಳಾಗಿರ್ಲಿಲ್ಲ, ನಲ್ಲಿ ಪೈಪಿಗೆ ಅಂತ ನಡುವೆ ಉದ್ದಕ್ಕೂ ಅಗೆದ್ರಿ, ಮಣ್ಣು ಮುಚ್ಚಿ ಹೋಗಿದ್ದು ಇವತ್ತಿಗೂ ಹಾಗೇ ಇದೆ. ಪೈಪ್ ಹಾಕೋದಿದೆ ಅಂತ ರಸ್ತೆ ಮಾಡೋ ಮುಂಚೆ ಗೊತ್ತಿರ್ಲಿಲ್ವಾ? ಇದೆಲ್ಲ ನಮ್ಮ ತೆರಿಗೆ ದುಡ್ಡು ಸ್ವಾಮಿ.

1891ರಲ್ಲಿ ಅಮೆರಿಕದ ಬೆಲ್‌ಫೌಂಟೇನ್ ಅನ್ನೋ ಊರಲ್ಲಿ ಬಾರ್ಥಲಮ್ಯೂ ಅನ್ನೋ ಒಬ್ರು ಆ ದೇಶದ ಮೊದಲ ಕಾಂಕ್ರೀಟ್ ಬೀದಿ ಹಾಕಿದಾಗ, 5 ವರ್ಷ ಬಾಳುತ್ತೆ ಅಂತ ಬಾಂಡ್ ಬರ್ಕೊಟ್ಟು ಹಾಕಿದ್ರು. ಆ ಊರಲ್ಲಿ ಆ ಕಾಲದಲ್ಲಿ ಹಾಕಿದ ಕಾಂಕ್ರೀಟ್ ಬೀದಿ ಇವತ್ತಿಗೂ ಇದೆ. ನಮ್ಮ ಟೆಂಡರಲ್ಲೂ ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ರೆ ಕಂಟ್ರಾಕ್ಟರೇ ಸರಿಮಾಡ್ಬೇಕಾದ ಕಾಲ) ಅಂತ ಇದೆ, ಆ ಅವಧಿ ಇನ್ನೂ ಮುಗಿದಿಲ್ಲ, ಆದ್ರೂ ಕಂಟ್ರಾಕ್ಟರಿಗೆ ಒಂದು ನೋಟಿಸ್ ಕೂಡ ಹೋಗಿಲ್ಲ. ಅವಧಿ ಮುಗೀಲಿ ಅಂತಾನೇ ದಿನ ದೂಡ್ತಿದೀರಿ ಅನ್ನೋದು ನಮ್ಮೆಲ್ರ ಅನುಮಾನ.

ಆದ್ದರಿಂದ, ನಾವು ಎದುರಲ್ಲಿ ಇರೋವಾಗ್ಲೇ ಕೋರ್ ಕಟಿಂಗ್ ಮಾಡ್ಸಿ, ಎಲ್ಲಿ ತೆಗೀಬೇಕು ಅಂತ ನಾವೂ ತೋರಿಸ್ತೀವಿ, ಚೆನ್ನಾಗಿರೋ ಜಾಗ ಹುಡುಕಿ ತೆಗೆಯೋದು ಬೇಡ. ಕಾಂಕ್ರೀಟಿಗಿರೋ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮೂರು ಕೋರಿನ ಸರಾಸರಿ ಬಲ ಆ ಗ್ರೇಡಿಗೆ (ಕಾಂಕ್ರೀಟಿನ ಬಲದ ದರ್ಜೆ) ಹೇಳಿರೋದರ ಶೇ. 85ಕ್ಕಿಂತ ಕಮ್ಮಿ ಇರ್ಬಾರ್ದು, ಯಾವ ಒಂದು ಕೋರೂ ಶೇ. 75ಕ್ಕಿಂತ ಕೆಳಗೆ ಬರ್ಬಾರ್ದು. ಕಮ್ಮಿ ಬಂದ್ರೆ ಸ್ಲ್ಯಾಬ್ ತೆಗೆದು ಹೊಸದು ಹಾಕ್ಸಿ, ಅದು ಆಗೋ ತನಕ ಕಂಟ್ರಾಕ್ಟರ್ ಡೆಪಾಸಿಟ್ ಬಿಡಬೇಡಿ. ಮಳೆ ಜೋರಾಗೋ ಮೊದ್ಲೇ ಪೊಳ್ಳಾಗಿರೋ ಕಡೆ ಗ್ರೌಟ್ (ಸಿಮೆಂಟ್ ಗಂಜಿ) ತುಂಬ್ಸಿ, ಜಾಯಿಂಟ್ ಸೀಲ್ ಮಾಡ್ಸಿ, ಚೇಂಬರ್ ಎತ್ತರಿಸಿ, ಮರದ ಬುಡ ಬಿಡಿಸಿ. ಯಾವ ದಿನ ಯಾರು ಬರ್ತಾರೆ ಅಂತ 15 ದಿನದೊಳಗೆ ಬರಹದಲ್ಲಿ ತಿಳಿಸಿ, ಬಾಯಿಮಾತು ಕೇಳಿ ಸಾಕಾಗಿದೆ. ಉತ್ತರ ಬರ್ಲಿಲ್ಲ ಅಂದ್ರೆ ಇದೇ ದಾಖಲೆ ತಗೊಂಡು ಲೋಕಾಯುಕ್ತಕ್ಕೆ ಹೋಗ್ತೀವಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಗಿರಣಿ ರಸ್ತೆ ನಿವಾಸಿಗಳು (ಸಹಿಗಳು ಹಿಂಬದಿಯಲ್ಲಿವೆ)

ಲಗತ್ತು: ಹಿಂದಿನ ಅರ್ಜಿಗಳ ಸೀಲ್ ಪ್ರತಿ, ಬಿರುಕಿನ ಫೋಟೋಗಳು, ಮಾಹಿತಿ ಹಕ್ಕಿನ ಉತ್ತರ
ಪ್ರತಿ: ಜಿಲ್ಲಾಧಿಕಾರಿಗಳಿಗೆ